ವಿಮಾನ ನಿಲ್ದಾಣದಲ್ಲಿ ವಿಮಾನಕ್ಕೆ ಇಂಧನ ತುಂಬುವಾಗ ರ‍್ಯಾಂಪ್ ಮೇಲೆ ಚೆಲ್ಲಿದರೆ ಮೊದಲ ಎರಡು ನಿಮಿಷ ಏನು ಮಾಡಬೇಕು?

ಸ್ಟ್ಯಾಂಡ್‌ಲೀಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗ್ರೌಂಡ್ ಹ್ಯಾಂಡ್ಲಿಂಗ್ ಸಿಬ್ಬಂದಿಗೆ ಇಂಧನ ಚೆಲ್ಲಿದಾಗ ಏನು ಮಾಡಬೇಕು ಎಂಬ ಬಗ್ಗೆ ಅರ್ಧ ಗಂಟೆಯ ಪಾಠ ಸಿದ್ಧ ಮಾಡುತ್ತಿದ್ದೇನೆ. ಕೇಳುವವರು ಇಂಧನ ತುಂಬುವವರಲ್ಲ. ಲೋಡರ್‌ಗಳು, ಟಗ್ ಓಡಿಸುವವರು, ಹೆಡ್‌ಸೆಟ್ ಹಾಕಿಕೊಂಡು ಮೂಗಿನ ಚಕ್ರದ ಬಳಿ ನಿಲ್ಲುವವರು. ಕೈಪಿಡಿಯಲ್ಲಿ "ಸೋರಿಕೆ ಕಂಡರೆ ತಕ್ಷಣ ತಿಳಿಸಿ, ಸುರಕ್ಷಿತ ದೂರಕ್ಕೆ ಸರಿಯಿರಿ" ಎಂದಷ್ಟೇ ಇದೆ. ಅಷ್ಟು ಹೇಳಲು ಅರ್ಧ ಗಂಟೆ ಯಾಕೆ?

ನನಗೆ ಬೇಕಾದದ್ದು ಇವು: ಚಿಕ್ಕದು ಯಾವುದು, ದೊಡ್ಡದು ಯಾವುದು ಎಂದು ಕಣ್ಣಳತೆಯಲ್ಲಿ ಹೇಗೆ ತೀರ್ಮಾನಿಸುವುದು? ಎಪಿಯು (ವಿಮಾನದೊಳಗಿನ ಸಹಾಯಕ ಇಂಜಿನ್), ಜಿಪಿಯು (ನೆಲದಿಂದ ವಿಮಾನಕ್ಕೆ ಕರೆಂಟ್ ಕೊಡುವ ಯಂತ್ರ), ಬೆಲ್ಟ್ ಲೋಡರ್ (ಸಾಮಾನು ಏರಿಸುವ ಗಾಡಿ) ಇವುಗಳನ್ನು ಆರಿಸಬೇಕೋ ಹಾಗೇ ಬಿಡಬೇಕೋ? ನೀರು ಹೊಡೆದು ತೊಳೆಯಬಹುದೇ? ಹೀರುವ ಪ್ಯಾಡ್ ಎಷ್ಟು ಇಟ್ಟುಕೊಳ್ಳಬೇಕು? ಇನ್ನೊಂದು, ಟ್ಯಾಂಕ್ ತುಂಬಿಸಿ ಮುಗಿಸಿದ ಅರ್ಧ ಗಂಟೆ ಮೇಲೆ ರೆಕ್ಕೆಯ ತುದಿಯಿಂದ ತೊಟ್ಟಿಕ್ಕಲು ಶುರುವಾದರೆ ಅದು ಯಾರ ತಲೆನೋವು? ಕೊನೆಯದಾಗಿ, ಜೆಟ್ ವಿಮಾನದ ಇಂಧನವಾದ "ಜೆಟ್ ಎ-1ಗೆ ಬೆಂಕಿಕಡ್ಡಿ ಎಸೆದರೂ ಹತ್ತಲ್ಲ ಬಿಡಿ" ಎನ್ನುವ ಹಳಬರು ಪ್ರತಿ ಬ್ಯಾಚ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ಏನು ಹೇಳಲಿ?

ಹೈಡ್ರಂಟ್‌ಪಿಟ್ ಉತ್ತರಿಸಿದ್ದು:

ಬೆಂಕಿಕಡ್ಡಿಯಿಂದಲೇ ಶುರು ಮಾಡೋಣ, ಉಳಿದ ತಪ್ಪುಗಳೆಲ್ಲ ಆ ಧೈರ್ಯದಿಂದಲೇ ಹುಟ್ಟುವುದು. ಜೆಟ್ ಎ-1ರ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಏಳಲು ಬೇಕಾದ ಬಿಸಿ, ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ತಣ್ಣಗಿರುವ ನೆಲದ ಮೇಲೆ ನಿಂತ ಇಂಧನದಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಅಂಕಿ ಸುಮ್ಮನೆ ನಿಂತ ದ್ರವಕ್ಕೆ ಹೇಳಿದ್ದು.

ಮಧ್ಯಾಹ್ನದ ಬಿಸಿಲಿಗೆ ಕಾದ ಕಾಂಕ್ರೀಟು 38ನ್ನು ಸುಲಭವಾಗಿ ದಾಟುತ್ತದೆ, ಡಾಂಬರಂತೂ ಇನ್ನೂ ಬೇಗ. ಅಲ್ಲಿ ಚೆಲ್ಲಿದ ತೆಳು ಪದರ ನೆಲದ ಬಿಸಿಯನ್ನೇ ಪಡೆಯುತ್ತದೆ. ಇನ್ನು ಒತ್ತಡದಲ್ಲಿರುವ ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ ಇಂಧನ ಮಂಜಿನಂತೆ ಚಿಮ್ಮುತ್ತದೆ. ಆ ಮಂಜಿಗೆ ಫ್ಲ್ಯಾಶ್ ಪಾಯಿಂಟ್ ಲೆಕ್ಕಕ್ಕಿಲ್ಲ, ಎಷ್ಟೇ ತಣ್ಣಗಿದ್ದರೂ ಕಿಡಿ ಸಿಕ್ಕರೆ ಹೊತ್ತುತ್ತದೆ. ಮೂರನೆಯದು ಬಟ್ಟೆ. ಬುಡ್ಡಿಯಲ್ಲಿರುವ ಸೀಮೆಎಣ್ಣೆಗೆ ಕಡ್ಡಿ ಗೀರಿದರೆ ಹತ್ತದಿರಬಹುದು, ಬತ್ತಿಗೆ ಗೀರಿದರೆ ಒಂದೇ ಸಲಕ್ಕೆ ಹತ್ತುತ್ತದೆ. ಜೆಟ್ ಎ-1 ಕೂಡ ಸೀಮೆಎಣ್ಣೆಯ ಜಾತಿಯೇ. ನೆನೆದ ಸಮವಸ್ತ್ರ, ನೆನೆದ ಪ್ಯಾಡ್, ಒರೆಸಿದ ಬಟ್ಟೆ ಎಲ್ಲವೂ ಬತ್ತಿಗಳೇ. ನಿಮ್ಮ ಸ್ಟ್ಯಾಂಡಿಗೆ (ವಿಮಾನ ನಿಲ್ಲುವ ಜಾಗ) ಪಿಸ್ಟನ್ ವಿಮಾನಗಳೂ ಬರುತ್ತಿದ್ದರೆ ಅವುಗಳ ಇಂಧನ ಅವ್‌ಗ್ಯಾಸ್ ಬೇರೆಯೇ ಕಥೆ. ಅದರ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಎಷ್ಟೋ ಕೆಳಗೆ, ಅಂದರೆ ಅದು ಪೆಟ್ರೋಲ್ ಎಂದೇ ತಿಳಿಯಿರಿ.

ಈಗ ಮೊದಲ ಕೆಲಸ: ಹರಿವು ನಿಲ್ಲಿಸುವುದು. ಇಂಧನ ತುಂಬುವವನ ಕೈಯಲ್ಲಿ ಡೆಡ್‌ಮನ್ ಸ್ವಿಚ್ ಇರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದು ನಿಲ್ಲಿಸದಿದ್ದರೆ ಹೈಡ್ರಂಟ್ ಪಿಟ್‌ನ (ನೆಲದಡಿಯ ಇಂಧನ ಪೈಪಿನ ಬಾಯಿ ಇರುವ ಗುಂಡಿ) ಲ್ಯಾನ್‌ಯಾರ್ಡ್, ಅಂದರೆ ಕವಾಟ ಮುಚ್ಚುವ ಹಗ್ಗ, ಎಳೆಯಬೇಕು. ಅದಕ್ಕೂ ಬಗ್ಗದಿದ್ದರೆ, ಅಥವಾ ಪಿಟ್ ಇಂಧನದಲ್ಲಿ ಮುಳುಗಿ ಹತ್ತಿರ ಹೋಗಲಾಗದಿದ್ದರೆ, ಸ್ಟ್ಯಾಂಡಿನ ಕೆಂಪು ತುರ್ತು ನಿಲುಗಡೆ ಬಟನ್. ನಿಮ್ಮ ಹುಡುಗರಿಗೆ ಬೇಕಾಗಿರುವುದು ಈ ಬಟನ್. ಅದು ಎಲ್ಲಿದೆ ಎಂದು ಮುಟ್ಟಿ ತೋರಿಸಿ. ಒತ್ತಲು ಯಾರ ಅಪ್ಪಣೆಯೂ ಬೇಡ ಎಂದು ಎರಡು ಸಲ ಹೇಳಿ. ಜನ ಹಿಂಜರಿಯುವುದು ಅಲ್ಲೇ: ಒತ್ತಿದರೆ ಅಕ್ಕಪಕ್ಕದ ಸ್ಟ್ಯಾಂಡುಗಳ ಹೈಡ್ರಂಟೂ ನಿಂತು ಬೈಗುಳ ತಿನ್ನಬೇಕಾದೀತು ಎಂಬ ಭಯ. ಲೆಕ್ಕ ತೋರಿಸಿ. ನಿಮಿಷಕ್ಕೆ 2000 ಲೀಟರ್ ಹರಿಯುತ್ತಿದ್ದರೆ ಸೆಕೆಂಡಿಗೆ 33 ಲೀಟರ್. "ಮೇಲ್ವಿಚಾರಕರನ್ನು ಕೇಳಿ ಬರ್ತೀನಿ" ಎಂದು ಹತ್ತು ಸೆಕೆಂಡ್ ಹೋದರೆ 330 ಲೀಟರ್ ನೆಲದ ಮೇಲೆ.

ಡೆಡ್‌ಮನ್ ಬಿಟ್ಟ ಕ್ಷಣಕ್ಕೇ ನಿಲ್ಲುತ್ತದೆ ಎಂದೂ ಅಂದುಕೊಳ್ಳಬೇಡಿ. ಕವಾಟ ಮುಚ್ಚಿಕೊಳ್ಳುವಷ್ಟರಲ್ಲಿ ನಿಮಿಷದ ಹರಿವಿನ 5 ಪ್ರತಿಶತದವರೆಗೆ ದಾಟಿ ಹೋಗಲು ವಿಮಾನಕ್ಕೆ ಇಂಧನ ತುಂಬುವುದರ ಅಮೆರಿಕನ್ ಮಾನದಂಡ ಎನ್‌ಎಫ್‌ಪಿಎ 407 ಅವಕಾಶ ಕೊಡುತ್ತದೆ. 2000ಕ್ಕೆ ಅದು 100 ಲೀಟರ್. ಜೊತೆಗೆ ಹೋಸ್‌ನ ಹೊಟ್ಟೆಯಲ್ಲಿ ಉಳಿದದ್ದು ಬೇರೆ. ಎರಡೂವರೆ ಇಂಚಿನ ಹೋಸ್ ಮೀಟರಿಗೆ 3 ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, 15 ಮೀಟರ್ ಹೋಸ್ ಎಂದರೆ 45 ಲೀಟರಿನ ಮೇಲೆ. ಹೋಸ್ ಒಡೆದಿದ್ದರೆ ಪಂಪ್ ನಿಂತ ಮೇಲೂ ಅದು ಸುರಿಯುತ್ತಲೇ ಇರುತ್ತದೆ. ಹಾಗೆಂದು ಕವಾಟ ಕೆಟ್ಟಿದೆ ಎಂದು ಓಡಾಡಬೇಕಿಲ್ಲ.

ಅಳತೆಗೆ ಬಹಳ ಕಡೆ ಬಳಕೆಯಲ್ಲಿರುವ ವಿಂಗಡಣೆ ಇದು: ಯಾವ ದಿಕ್ಕಿನಲ್ಲೂ 45 ಸೆಂ.ಮೀ. ದಾಟದಿದ್ದರೆ ಅಲ್ಪ. 3 ಮೀಟರ್ ಉದ್ದವನ್ನಾಗಲಿ 5 ಚದರ ಮೀಟರ್ ಹರವನ್ನಾಗಲಿ ಮೀರದೆ, ಹರಿವೂ ನಿಂತಿದ್ದರೆ ಚಿಕ್ಕದು. ಇವುಗಳಲ್ಲಿ ಯಾವುದೊಂದು ಮೀರಿದರೂ ದೊಡ್ಡದು. ಹರಿವು ಇನ್ನೂ ನಿಂತಿಲ್ಲವೆಂದರೆ ಅಂಗೈಯಗಲ ಇದ್ದರೂ ಅದನ್ನು ದೊಡ್ಡದೆಂದೇ ನೋಡಬೇಕು. ನಿಮ್ಮ ವಿಮಾನ ನಿಲ್ದಾಣದ ಕೈಪಿಡಿಯಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಇದ್ದರೆ ಅದೇ ನಡೆಯುತ್ತದೆ. ಅಳೆಯಲು ಟೇಪ್ ಹಿಡಿದು ಇಂಧನದೊಳಗೆ ಕಾಲಿಡುವವರು ಯಾರೂ ಇಲ್ಲ ತಾನೇ? ಸ್ಟ್ಯಾಂಡಿನ ಕಾಂಕ್ರೀಟ್ ಚಪ್ಪಡಿ ಎಷ್ಟು ಅಗಲ, ಬ್ಯಾಗೇಜ್ ಡಾಲಿ ಎಷ್ಟು ಉದ್ದ ಎಂದು ಒಂದು ದಿನ ಅಳೆದು ಎಲ್ಲರಿಗೂ ಹೇಳಿಬಿಡಿ. ಆಮೇಲೆ "ಅರ್ಧ ಚಪ್ಪಡಿ", "ಒಂದೂವರೆ ಡಾಲಿ" ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಪ್ಯಾಡ್ ಲೆಕ್ಕ: 1 ಮಿ.ಮೀ. ದಪ್ಪದ ಪದರ ಎಂದರೆ ಚದರ ಮೀಟರಿಗೆ 1 ಲೀಟರ್. ಚಿಕ್ಕದು ಎನ್ನುವ ಮಿತಿಯ 5 ಚದರ ಮೀಟರಿಗೆ ಸುಮಾರು 5 ಲೀಟರ್, ನೆಲ ತಗ್ಗಾಗಿದ್ದರೆ ಅದರ ಎರಡರಷ್ಟು. ದಪ್ಪ ಪ್ಯಾಡ್ ಒಂದು ಸುಮಾರು 1 ಲೀಟರ್ ಹೀರುತ್ತದೆ, ತೆಳುವಾದದ್ದು ಅದರ ಅರ್ಧ. ಕಟ್ಟಿನ ಮೇಲೆ ಬರೆದಿರುವ ಅಂಕಿ ಪ್ರಯೋಗಾಲಯದ್ದು, ಆದ್ದರಿಂದ ಅದರ ಮುಕ್ಕಾಲು ಪಾಲು ಎಂದು ಹಿಡಿಯಿರಿ. ಎಣ್ಣೆ ಮಾತ್ರ ಹೀರಿ ನೀರನ್ನು ಬಿಡುವ ಬಿಳಿ ಪಾಲಿಪ್ರೊಪಿಲೀನ್ ಪ್ಯಾಡೇ ಬೇಕು. ಎಲ್ಲವನ್ನೂ ಹೀರುವ ಬೂದು ಬಣ್ಣದ್ದು ಮಳೆ ಬಿದ್ದ ರ‍್ಯಾಂಪ್‌ನಲ್ಲಿ ನೀರು ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಫೋಮ್‌ಟೆಂಡರ್ ಉತ್ತರಿಸಿದ್ದು:

ಹೈಡ್ರಂಟ್‌ಪಿಟ್ ಹೇಳಿದ ಮಂಜಿನ ವಿಷಯಕ್ಕೆ ಒಂದು ಸೇರ್ಪಡೆ. 2001ರ ಸೆಪ್ಟೆಂಬರ್‌ನಲ್ಲಿ ಡೆನ್ವರ್‌ನಲ್ಲಿ 777 ವಿಮಾನಕ್ಕೆ ತುಂಬಿಸುತ್ತಿದ್ದಾಗ ಹೋಸ್‌ನ ನಾಜಲ್ ರೆಕ್ಕೆಯಿಂದ ಕಳಚಿಕೊಂಡು ಬೆಂಕಿ ಹೊತ್ತಿತು. ಇಂಧನ ತುಂಬುತ್ತಿದ್ದ ಕೆಲಸಗಾರ ಸುಟ್ಟಗಾಯಗಳಿಂದ ತೀರಿಕೊಂಡರು. "ಹತ್ತಲ್ಲ ಬಿಡಿ" ಎನ್ನುವವರಿಗೆ ಅದನ್ನು ಹೇಳಿ.

ಅಗ್ನಿಶಾಮಕದವರಾದ ನಮಗೆ ಕರೆ ಬಂದಾಗ ಬೇಕಾಗುವ ಮಾಹಿತಿ ಆರು ಮಾತಿನಲ್ಲಿ ಮುಗಿಯುತ್ತದೆ. ಸ್ಟ್ಯಾಂಡ್ ಸಂಖ್ಯೆ, ವಿಮಾನದ ಮಾದರಿ, ಯಾವ ಇಂಧನ, ಎಷ್ಟು ಹರವು, ಹರಿಯುತ್ತಿದೆಯೋ ನಿಂತಿದೆಯೋ, ಒಳಗೆ ಜನ ಇದ್ದಾರೋ ಇಲ್ಲವೋ. "ಸ್ಟ್ಯಾಂಡ್ 14, ಎ320, ಜೆಟ್ ಎ-1, ಬಲ ರೆಕ್ಕೆ ಕೆಳಗೆ 4 ಮೀಟರ್‌ಗೆ 3, ನಿಂತಿದೆ, ಪ್ರಯಾಣಿಕರು ಹತ್ತುತ್ತಿದ್ದಾರೆ." ಇಷ್ಟು ಸಾಕು. ಯಾಕೆ ಆಯಿತು, ಯಾರ ತಪ್ಪು ಎಂಬುದು ರೇಡಿಯೊದಲ್ಲಿ ಬೇಡ. ರೇಡಿಯೊ, ಫೋನ್ ಎರಡನ್ನೂ ಇಂಧನದಿಂದ ದೂರ ಸರಿದು, ಗಾಳಿ ಬರುವ ಕಡೆ ನಿಂತು ಬಳಸಿ. ಆವಿ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ಪಿಟ್, ಚರಂಡಿ, ಕೇಬಲ್ ನಾಳಗಳಲ್ಲಿ ಇಳಿದು ಕೂರುತ್ತದೆ.

ಪ್ರಯಾಣಿಕರು ಒಳಗಿದ್ದರೆ ಹೆಡ್‌ಸೆಟ್ ಹಾಕಿದವನು ಮೊದಲು ಕಾಕ್‌ಪಿಟ್‌ಗೆ ಹೇಳಬೇಕು. ಹತ್ತುವುದು ಅಲ್ಲೇ ನಿಲ್ಲಬೇಕು. ಇಳಿಸುವುದೋ ಬೇಡವೋ ಎಂಬುದು ಕಮಾಂಡರ್ ತೀರ್ಮಾನ, ಆದರೆ ಯಾವ ಬದಿಯಲ್ಲಿ ಇಂಧನ ಬಿದ್ದಿದೆ ಎಂದು ಹೇಳುವುದು ನಿಮ್ಮವನ ಕೆಲಸ. ಅದು ಗೊತ್ತಿಲ್ಲದೆ ಒಳಗಿನವರು ಆ ಬದಿಯ ತುರ್ತು ಇಳಿಕೆಯ ಸ್ಲೈಡ್ ಬಿಟ್ಟರೆ ಜನ ನೇರವಾಗಿ ಇಂಧನಕ್ಕೇ ಜಾರುತ್ತಾರೆ. "ಎಡ", "ಬಲ" ಎನ್ನುವುದು ಯಾವಾಗಲೂ ಪೈಲಟ್ ಕೂತ ದಿಕ್ಕಿನಿಂದ. ಮೂಗಿಗೆ ಮುಖ ಮಾಡಿ ನಿಂತವರು ಇದನ್ನು ಉಲ್ಟಾ ಹೇಳುವುದು ತರಬೇತಿಯಲ್ಲೇ ಸಾಕಷ್ಟು ಕಾಣುತ್ತದೆ.

ನೀರು ಬೇಡ. ಇಂಧನ ನೀರಿಗಿಂತ ಹಗುರ, ನೀರಿನ ಮೇಲೆ ತೇಲಿಕೊಂಡು ನೀವು ಬಯಸದ ಕಡೆಗೇ ಹೋಗುತ್ತದೆ: ಚರಂಡಿಗೆ, ಪಕ್ಕದ ಸ್ಟ್ಯಾಂಡಿಗೆ, ಬೌಸರ್ (ಇಂಧನದ ಟ್ಯಾಂಕರ್) ಚಕ್ರದ ಕೆಳಗೆ. ಇನ್ನೂ ಹೊತ್ತದ ಇಂಧನದ ಮೇಲೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊಡೆಯುವುದಂತೂ ಖಂಡಿತ ಬೇಡ. ನಾಳದಿಂದ ರಭಸವಾಗಿ ಹೊರಬರುವ ಅನಿಲ ಮತ್ತು ಹಿಮದ ಕಣಗಳು ಸ್ಥಿರವಿದ್ಯುತ್ ಹುಟ್ಟಿಸುತ್ತವೆ. ಬೆಂಕಿ ಆರಿಸಲು ಹೋಗಿ ಹೊತ್ತಿಸಿದಂತಾಗುತ್ತದೆ. ಪೌಡರ್ ಸಿಲಿಂಡರನ್ನು ಪಿನ್ ತೆಗೆಯದೆ ಗಾಳಿ ಬರುವ ಕಡೆ ಸಿದ್ಧವಾಗಿ ಹಿಡಿದು ನಿಲ್ಲಿ, ಸಾಕು.

ದೊಡ್ಡ ಹರವಿಗೆ ನಾವು ಫೋಮ್ ಹಾಸುತ್ತೇವೆ. ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಬಿ ಮಟ್ಟದ ಫೋಮ್‌ಗೆ ಚದರ ಮೀಟರಿಗೆ ನಿಮಿಷಕ್ಕೆ 5.5 ಲೀಟರ್ ದ್ರಾವಣ ಲೆಕ್ಕ, ಅಂದರೆ 50 ಚದರ ಮೀಟರಿಗೆ ನಿಮಿಷಕ್ಕೆ 275 ಲೀಟರ್. ಅದನ್ನು ನೇರ ಇಂಧನದೊಳಗೆ ಚುಚ್ಚಿ ಹೊಡೆಯುವುದಿಲ್ಲ. ಮುಂದಿನ ನೆಲಕ್ಕೆ ಹೊಡೆದು ಉರುಳಿ ಬರುವಂತೆ ಬಿಡುತ್ತೇವೆ. ಫೋಮ್ ಹೊದಿಕೆ ಶಾಶ್ವತವಲ್ಲ, ಒಡೆಯುತ್ತದೆ. ಆದ್ದರಿಂದ ನೊರೆ ಬಿದ್ದಿತು, ಇನ್ನು ಕೆಲಸ ಶುರು ಮಾಡೋಣ ಎಂದು ಅದನ್ನು ತುಳಿದುಕೊಂಡು ಯಾರೂ ಬರಬಾರದು. ತುಳಿದ ಹೆಜ್ಜೆಯಲ್ಲೆಲ್ಲ ಹೊದಿಕೆ ಹರಿದು ಆವಿ ಮೇಲೇಳುತ್ತದೆ.

ಮೈಮೇಲೆ ಬಿದ್ದವರ ವಿಷಯ. ಇಂಧನದಲ್ಲಿ ನೆನೆದ ಅಂಗಿಯನ್ನು ನೀರು ಸುರಿಯದೆ ಗಾಬರಿಯಲ್ಲಿ ತಲೆಯ ಮೇಲಿಂದ ಎಳೆದು ತೆಗೆಯಬಾರದು, ಬಟ್ಟೆ ಉಜ್ಜಿ ಕಿಡಿ ಹುಟ್ಟಬಹುದು. ಇಂಧನದಿಂದ ದೂರ ಕರೆದೊಯ್ದು, ಮೊದಲು ನೀರು ಸುರಿದು ತೊಯ್ಯಿಸಿ, ಆಮೇಲೆ ತೆಗೆಯಿರಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಇಂಧನ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚು ಹಾನಿ.

ಲೈನ್‌ಇಂಜಿನಿಯರ್ ಉತ್ತರಿಸಿದ್ದು:

ರೆಕ್ಕೆಯ ತುದಿಯ ತೊಟ್ಟು ಬಹುತೇಕ ಟ್ಯಾಂಕಿನ ಗಾಳಿ ಆಡುವ ದಾರಿಯಾದ ವೆಂಟ್‌ನಿಂದ ಬರುವುದು. ಜೆಟ್ ಎ-1 ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 0.1 ಪ್ರತಿಶತ ಹಿಗ್ಗುತ್ತದೆ. ದೊಡ್ಡ ವಿಮಾನಗಳ ಟ್ಯಾಂಕಿನಲ್ಲಿ ಹಿಗ್ಗಲು ಕನಿಷ್ಠ 2 ಪ್ರತಿಶತ ಜಾಗ ಬಿಟ್ಟಿರಬೇಕು ಎಂಬುದು ವಿನ್ಯಾಸ ನಿಯಮ. ಭಾಗಿಸಿ ನೋಡಿ: 20 ಡಿಗ್ರಿ ಏರಿಕೆಗೆ ಆ ಜಾಗ ಮುಗಿಯಿತು. ನೆಲದಡಿಯ ಪೈಪಿನಿಂದ ಬಂದ ತಂಪು ಇಂಧನವನ್ನು ಗಂಟಲ ಮಟ್ಟ ತುಂಬಿಸಿ, ಹೊರಡುವುದು ತಡವಾಗಿ, ರೆಕ್ಕೆ ಎರಡು ಮೂರು ಗಂಟೆ ಬಿಸಿಲಲ್ಲಿ ಕಾದರೆ ಹೆಚ್ಚಾದದ್ದು ವೆಂಟ್ ದಾರಿ ಹಿಡಿಯುತ್ತದೆ. ಅರ್ಧ ಗಂಟೆಯಲ್ಲೇ ಶುರುವಾಗಿದ್ದರೆ ಬಿಸಿಲಿಗಿಂತ ಬೇರೆ ಕಾರಣ ಹುಡುಕಿ. ಸ್ಟ್ಯಾಂಡಿನ ಇಳಿಜಾರಿನಿಂದ ಒಂದು ರೆಕ್ಕೆ ತಗ್ಗಿದೆಯೇ, ಒಂದೇ ಬದಿ ಮೊದಲು ತುಂಬಿಸಿದ್ದಾರೆಯೇ, ಟ್ಯಾಂಕ್ ತುಂಬಿದಾಗ ತಾನಾಗಿ ಮುಚ್ಚಬೇಕಾದ ಕವಾಟ ಪೂರ್ತಿ ಮುಚ್ಚಿಲ್ಲವೇ? ತುಂಬಿಸುತ್ತಿರುವಾಗಲೇ ವೆಂಟ್‌ನಿಂದ ಧಾರೆ ಬಂದರೆ ಕೊನೆಯದನ್ನೇ ಮೊದಲು ಅನುಮಾನಿಸಿ.

ಯಾರ ತಲೆನೋವು ಎಂದರೆ, ಇಂಜಿನಿಯರದ್ದು. ಲೋಡರ್ ಮಾಡಬೇಕಾದದ್ದು ನೋಡಿ ಹೇಳುವುದು, ತೊಟ್ಟಿಕ್ಕುವ ಜಾಗದ ಕೆಳಗೆ ಗಾಡಿ ನಿಲ್ಲಿಸದಿರುವುದು. ಪ್ಲಾಸ್ಟಿಕ್ ಬಕೆಟ್ ತಂದಿಡುವ ಒಳ್ಳೆಯ ಮನಸ್ಸು ಬೇಡ. ಬೀಳುವ ಇಂಧನ ಹೊತ್ತು ತರುವ ಚಾರ್ಜು ಪ್ಲಾಸ್ಟಿಕ್ಕಿನಿಂದ ಹೊರಹೋಗದೆ ಕೂಡಿಕೊಳ್ಳುತ್ತದೆ. ಲೋಹದ ಪಾತ್ರೆಯೇ ಆಗಬೇಕು, ಅದಕ್ಕೂ ವಿಮಾನಕ್ಕೂ ನಡುವೆ ಚಾರ್ಜು ಸಮವಾಗಿಸುವ ಬಾಂಡಿಂಗ್ ಕೇಬಲ್ ಇರಬೇಕು. ಮೊದಲೇ ಹಾಕಿರುವ ಬಾಂಡಿಂಗ್ ಕೇಬಲನ್ನು ಇಂಧನ ಬಿದ್ದ ಮೇಲೆ ಕೀಳುವುದೂ ಬೇಡ, ಕಿಡಿ ಹಾರುವುದು ಕೀಳುವ ಗಳಿಗೆಯಲ್ಲೇ.

ಎಲ್ಲ ಸೋರಿಕೆಯೂ ಇಂಧನ ತುಂಬುವವನ ಕೈಯಿಂದ ಆಗುವುದಿಲ್ಲ ಎಂಬುದನ್ನೂ ಪಾಠದಲ್ಲಿ ಸೇರಿಸಿ. 2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಆಗ ತಾನೇ ಇಳಿದು ಸ್ಟ್ಯಾಂಡಿಗೆ ಬಂದ 737-800 ವಿಮಾನದ ಬಲ ರೆಕ್ಕೆಯ ಟ್ಯಾಂಕು ಸೋರಿ ಹೊತ್ತಿಕೊಂಡು, ವಿಮಾನ ಸುಟ್ಟುಹೋಯಿತು. ರೆಕ್ಕೆಯ ಮುಂಭಾಗದ ಚಲಿಸುವ ಅಂಚಾದ ಸ್ಲ್ಯಾಟ್ ಒಳಗಿನ ಸಡಿಲ ಬೋಲ್ಟ್ ಒಂದು ಟ್ಯಾಂಕನ್ನು ತೂತು ಮಾಡಿತ್ತು. ಒಳಗಿದ್ದ 165 ಜನರೂ ಪಾರಾದರು. ಆದ್ದರಿಂದ ವಿಮಾನ ಬಂದು ನಿಂತ ಮೊದಲ ನಿಮಿಷಗಳಲ್ಲಿ ಇಂಜಿನ್, ಬ್ರೇಕ್ ಇನ್ನೂ ಕೆಂಡದಂತಿರುವಾಗ ರೆಕ್ಕೆಯ ಕೆಳಗೆ ಒದ್ದೆ ಕಂಡರೆ ಅದು ಎಸಿ ನೀರೇ ಇರಬೇಕು ಎಂದು ದಾಟಿ ಹೋಗಬಾರದು.

ಎಪಿಯು ಆರಿಸಿ. ಕಾಕ್‌ಪಿಟ್‌ನಿಂದ ಆರಿಸುವುದರಿಂದ ಇಂಧನದ ಬಳಿ ಕಿಡಿ ಹುಟ್ಟುವುದಿಲ್ಲ. ಜಾಗ ಸ್ವಚ್ಛವಾಗಿ ಅನುಮತಿ ಸಿಗುವವರೆಗೆ ಮತ್ತೆ ಸ್ಟಾರ್ಟ್ ಮಾಡುವಂತಿಲ್ಲ. ಜಿಪಿಯು ದೂರದಲ್ಲಿದ್ದರೆ ಅಲ್ಲೇ ಸ್ವಿಚ್ ಆಫ್ ಮಾಡಿ. ವಿಮಾನದ ಕಡೆಯ ಪ್ಲಗ್ ಎಳೆಯಬೇಡಿ, ಕರೆಂಟ್ ಹರಿಯುತ್ತಿರುವಾಗ ಎಳೆದರೆ ಆರ್ಕ್ (ವಿದ್ಯುತ್ ಕಿಡಿ) ಖಚಿತ.

ಸ್ಟ್ಯಾಂಡ್‌ಲೀಡ್:

ಬಹಳ ಉಪಕಾರ. ಒಂದು ಗೊಂದಲ ಉಳಿಯಿತು. ಬೆಲ್ಟ್ ಲೋಡರ್ ಇಂಧನದೊಳಗೇ ಇಂಜಿನ್ ಓಡುತ್ತಾ ನಿಂತಿದ್ದರೆ? ಆರಿಸಲೋ, ಓಡಿಸಿಕೊಂಡು ಹೊರಗೆ ತರಲೋ? ಮತ್ತೆ, ಒರೆಸಿ ಮುಗಿಸಿದ ಮೇಲೆ ಸ್ಟ್ಯಾಂಡ್ ವಾಪಸ್ ಕೊಡಬಹುದು ಎಂದು ಯಾವಾಗ ಹೇಳುವುದು?

ಫೋಮ್‌ಟೆಂಡರ್:

ಗಾಡಿಯ ವಿಷಯಕ್ಕೆ ಒಂದೇ ಉತ್ತರ ಇಲ್ಲ, ಇದೆ ಎನ್ನುವವರನ್ನು ನಂಬಬೇಡಿ. ಓಡಿಸಿದರೆ ಬಿಸಿ ಎಗ್ಸಾಸ್ಟ್ ಇಂಧನದ ಮೇಲೆ ಸಾಗುತ್ತದೆ, ಚಕ್ರ ಇಂಧನವನ್ನು ಹರಡುತ್ತದೆ. ಆರಿಸದೆ ಬಿಟ್ಟರೆ ಡೀಸೆಲ್ ಇಂಜಿನ್ ಆವಿಯನ್ನೇ ಎಳೆದುಕೊಂಡು ಹತೋಟಿ ತಪ್ಪಿ ಓಡಬಹುದು. ಚಾಲಕ ಆಗಲೇ ಸೀಟಿನಲ್ಲಿದ್ದರೆ ಆರಿಸಿ, ಇಂಧನ ಇಲ್ಲದ ಬದಿಯಿಂದ ಇಳಿದು ನಡೆಯಲಿ. ಸೀಟಿನಲ್ಲಿ ಯಾರೂ ಇಲ್ಲದಿದ್ದರೆ ಅದಕ್ಕಾಗಿ ಒಳಗೆ ನುಗ್ಗಬೇಡಿ, ನಮಗೆ ಬಿಡಿ. ಎರಡು ಸಂದರ್ಭದಲ್ಲೂ ಬದಲಾಗದ ಮಾತು: ಒಮ್ಮೆ ಆರಿದ ಇಂಜಿನ್ನನ್ನು ಇಂಧನದ ನಡುವೆ ಮತ್ತೆ ಸ್ಟಾರ್ಟ್ ಮಾಡುವಂತಿಲ್ಲ. ಆಮೇಲೆ ಉದ್ದದ ಪಟ್ಟಿ ಕಟ್ಟಿ ಹೊರಗೆಳೆಯಬಹುದು.

ಹೈಡ್ರಂಟ್‌ಪಿಟ್:

ಸ್ವಚ್ಛತೆಗೆ ಬರುತ್ತೇನೆ. ಮೊದಲು ಇಳಿಜಾರಿನ ಕಡೆ ಚರಂಡಿಗೆ ಮುಚ್ಚುಹಾಸು ಹಾಕಿ, ಬೂಮ್‌ನಿಂದ (ಉದ್ದನೆಯ ಹೀರುವ ದಿಂಡು) ತಡೆ ಕಟ್ಟಿ. ಆಮೇಲೆ ಪ್ಯಾಡ್, ಅಂಚಿನಿಂದ ನಡುವಿನ ಕಡೆಗೆ. ಪ್ಯಾಡನ್ನು ನೆಲಕ್ಕೆ ಹಚ್ಚಿ ಉಜ್ಜಬೇಡಿ, ಇಟ್ಟು ಬಿಡಿ, ತಾನೇ ಹೀರುತ್ತದೆ. ಹೀರುವ ಹರಳು ಬಳಸುವುದಿದ್ದರೆ ಪ್ಯಾಡ್ ಎತ್ತಿದ ಮೇಲೆ ಉಳಿದ ತೇವಕ್ಕೆ ಮಾತ್ರ, ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಸಲಿಕೆಯಿಂದ. ಒಂದು ಹಿಡಿ ಹರಳು ಉಳಿದರೂ ಇಂಜಿನ್ ಎಳೆದುಕೊಳ್ಳುತ್ತದೆ, ಹಾಗಾಗಿ ಎರಡು ಸಲ ಗುಡಿಸಿ ಒಮ್ಮೆ ನಡೆದು ನೋಡಿ. ಸೋಪು, ಡಿಟರ್ಜೆಂಟ್ ಹಾಕಿ ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ನೆಲ ಹೊಳೆಯುತ್ತದೆ ನಿಜ, ಆದರೆ ಡಿಟರ್ಜೆಂಟ್ ಇಂಧನವನ್ನು ನೀರಿನೊಳಗೆ ಬೆರೆಸಿಬಿಡುತ್ತದೆ. ತೇಲಿದ್ದನ್ನು ಮಾತ್ರ ಹಿಡಿಯಬಲ್ಲ ಎಣ್ಣೆ ಬೇರ್ಪಡಿಸುವ ತೊಟ್ಟಿ ಅದನ್ನು ಹಿಡಿಯಲಾಗದೆ ಹೊರಗೆ ಬಿಡುತ್ತದೆ. ಆ ತೊಟ್ಟಿಗೆ ಫೋಮ್ ಹೋದರೂ ಅದೇ ಗತಿ.

ಸ್ಟ್ಯಾಂಡ್ ವಾಪಸ್ ಕೊಡುವುದು ಅಗ್ನಿಶಾಮಕದವರು ಮತ್ತು ಏರ್‌ಸೈಡ್ ಡ್ಯೂಟಿ ಅಧಿಕಾರಿ, ನೀವಲ್ಲ. ಆದರೆ ಅವರನ್ನು ಕರೆಯುವ ಮುಂಚೆ ಮೂರು ಕಡೆ ನೋಡಿ: ಕಾಂಕ್ರೀಟ್ ಚಪ್ಪಡಿಗಳ ನಡುವಿನ ಸಂದು, ಹೈಡ್ರಂಟ್ ಪಿಟ್‌ನ ತಳ, ವಿಮಾನದ ಚಕ್ರದ ಹಿಂಬದಿ. ಸಂದಿನ ಸೀಲೆಂಟ್ ಇಂಧನ ಕುಡಿದು ಊದಿಕೊಂಡಿದ್ದರೆ, ಡಾಂಬರು ಬೆರಳಿಗೆ ಮೆತ್ತಗಾಗಿದ್ದರೆ ನಿರ್ವಹಣೆಯವರಿಗೆ ಬರೆದು ಕೊಡಿ. ಟೈರ್, ಬ್ರೇಕ್‌ಗೆ ತಾಗಿದೆ ಎಂಬ ಅನುಮಾನ ಇದ್ದರೂ ಇಂಜಿನಿಯರ್ ನೋಡದೆ ವಿಮಾನ ಕದಲಿಸುವಂತಿಲ್ಲ. ಗ್ಯಾಸ್ ಮೀಟರ್ ಸೊನ್ನೆ ತೋರಿಸಿತು ಎಂದು ಹಿಗ್ಗಬೇಡಿ. ಸಾಮಾನ್ಯ ಕೆಟಲಿಟಿಕ್ ಸೆನ್ಸರ್ ಸೀಮೆಎಣ್ಣೆಯಂಥ ಭಾರದ ಆವಿಯನ್ನು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಮೂಗಿಗೆ ಬಡಿಯುತ್ತಿರುವಾಗ ಮೀಟರ್ ಸೊನ್ನೆ ಎಂದರೆ ಮೂಗನ್ನೇ ನಂಬಿ.

ನೆನೆದ ಪ್ಯಾಡ್‌ಗಳು ಮುಚ್ಚಳವಿರುವ ಲೋಹದ ಡ್ರಮ್ಮಿಗೆ, ಸಾಮಾನ್ಯ ಕಸದ ಬುಟ್ಟಿಗಲ್ಲ. ನೆಲದಿಂದ ಎತ್ತಿದ ಇಂಧನ ಎಷ್ಟೇ ತಿಳಿಯಾಗಿ ಕಂಡರೂ ವಿಮಾನಕ್ಕಾಗಲಿ ಬೌಸರ್‌ಗಾಗಲಿ ವಾಪಸ್ ಹೋಗುವಂತಿಲ್ಲ.

ಲೈನ್‌ಇಂಜಿನಿಯರ್:

ಒಂದು ಸಣ್ಣ ವಿಷಯ. ಚರಂಡಿ ಮುಚ್ಚುಹಾಸು ಬಹಳ ಕಡೆ ಕಿಟ್ ಪೆಟ್ಟಿಗೆಯ ತಳದಲ್ಲಿ, ಪ್ಯಾಡ್ ಕಟ್ಟುಗಳ ಅಡಿಯಲ್ಲಿ ಮಡಚಿ ಬಿದ್ದಿರುತ್ತದೆ. ಮೊದಲು ಬೇಕಾಗುವುದು ಅದೇ. ಮಡಚಿಟ್ಟ ಪಾಲಿಯುರೆಥೇನ್ ಹಾಸು ಮಡಿಕೆಯಲ್ಲಿ ಗೆರೆ ಬಿದ್ದು ಜಾಲರಿಗೆ ಸರಿಯಾಗಿ ಅಂಟುವುದೂ ಇಲ್ಲ, ಆದ್ದರಿಂದ ಸುರುಳಿ ಸುತ್ತಿ ಎಲ್ಲದರ ಮೇಲಿಡಿ. ಪಾಠದ ದಿನ ಪೆಟ್ಟಿಗೆ ತೆರೆದು, ಹತ್ತಿರದ ಚರಂಡಿಗೆ ಅದು ಅಳತೆಗೆ ಕೂರುತ್ತದೆಯೇ ಎಂದು ಒಮ್ಮೆ ಹಾಸಿ ನೋಡಿ.